ಮೆಕಿಯಾವೆಲ್ಲಿಯ ಮಡಿ

ನಾವು ಇಟಲಿಯ ಫ್ಲಾರೆನ್ಸಿಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿಂದ ಸಾನ್ ಕಾಶ್ಯಾನೊ ಕಡೆಗೆ ಹೋದರೆ ಸಾಂತ್ ಆಂದ್ರೆಯಾ ಅಂತ ಸಣ್ಣ ಊರು ಸಿಗುತ್ತದೆ. ಕೆಲಸ ಹೋಗಿ, ಜೈಲಿನಲ್ಲಿ ಚಿತ್ರಹಿಂಸೆಯನ್ನೂ ಅನುಭವಿಸಿ ಬಂದ ಮೆಕಿಯಾವೆಲ್ಲಿ, ‘ದಿ ಪ್ರಿನ್ಸ್’ ಬರೆದ ರಾಜಕೀಯ ಚಿಂತಕ, ಅಲ್ಲಿದ್ದ. 1513ರ ಡಿಸೆಂಬರ್ 10ರಂದು ಗೆಳೆಯ ವೆತ್ತೋರಿಗೆ ಬರೆದ ಕಾಗದದಲ್ಲಿ ತನ್ನ ದಿನಚರಿ ಹೇಳಿಕೊಂಡಿದ್ದಾನೆ. ಮಧ್ಯಾಹ್ನ ಛತ್ರದಲ್ಲಿ ಕಟುಕ, ಗಿರಣಿಯವನ ಜೊತೆ ಇಸ್ಪೀಟು. ಬಿಡಿಗಾಸಿಗೆ ಪಕ್ಕದೂರಿಗೆ ಕೇಳುವಷ್ಟು ಜಗಳ. ಸಂಜೆ ಮನೆಗೆ ಬಂದು, ಕೆಸರು ಮೆತ್ತಿದ ಬಟ್ಟೆ ಬಾಗಿಲಲ್ಲೇ ಕಳಚಿ, ರಾಜಸಭೆಗೆ ಹೋಗುವ ಉಡುಪು ತೊಟ್ಟು ಪುಸ್ತಕಗಳ ಹತ್ತಿರ ಹೋಗುತ್ತಾನೆ.

ಓದಿ ನಗು ಬಂತು. ಇದು ನಮ್ಮಜ್ಜಿಯ ಮಡಿ ಅಲ್ವಾ!

ಊರಿನ ಮನೆಯಲ್ಲಿ ಒಂದು ಓಲೆಗರಿ ಕಟ್ಟು ಇತ್ತು. ಕೆಂಪು ಬಟ್ಟೆ ಸುತ್ತಿ ದೇವರ ಮನೆಯಲ್ಲಿ ಇಟ್ಟಿದ್ದರು. ನವರಾತ್ರಿಯಲ್ಲಿ ಅಜ್ಜಿ ಮಡಿಯುಟ್ಟು ಕೆಳಗಿಳಿಸಿ, ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಅದರಲ್ಲಿ ಏನು ಬರೆದಿದೆ ಅಂತ ಕೇಳಿದರೆ, ‘ಸುಮ್ನೆ ಕೈ ಮುಗಿಯೋ’ ಅನ್ನುತ್ತಿದ್ದರು. ಅವರು ಹೋದ ಮೇಲೆ ಬಿಚ್ಚಿ ನೋಡಿದೆವು. ಅರ್ಧಕ್ಕಿಂತ ಜಾಸ್ತಿ ಹುಳಕ್ಕೆ ಊಟವಾಗಿತ್ತು.

ಮೆಕಿಯಾವೆಲ್ಲಿ ಮಡಿಯುಟ್ಟದ್ದು ಮಾತಾಡುವುದಕ್ಕೆ. ಪುಸ್ತಕದೊಳಗಿನ ಹಳಬರನ್ನು ‘ನೀವು ಹೀಗೆ ಯಾಕೆ ಮಾಡಿದಿರಿ’ ಅಂತ ಕೇಳುತ್ತಾನಂತೆ, ಅವರೂ ಉತ್ತರ ಕೊಡುತ್ತಾರಂತೆ. ನಾಲ್ಕು ಗಂಟೆ ಹೊತ್ತು ಬಡತನದ ಭಯವೂ ಇಲ್ಲ, ಸಾವಿನ ಭಯವೂ ಇಲ್ಲ. ಅವನಿಗಿಂತ ಹಿಂದಿನ ಇಟಲಿಯ ಕವಿ ಪೆಟ್ರಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ. 1345ರಲ್ಲಿ ವೆರೋನಾದಲ್ಲಿ ಪ್ರಾಚೀನ ರೋಮಿನ ವಾಗ್ಮಿ, ರಾಜಕಾರಣಿ ಸಿಸೆರೋನ ಹಳೆಯ ಪತ್ರಗಳು ಸಿಕ್ಕಾಗ, ಸುಮಾರು ಹದಿನಾಲ್ಕು ಶತಮಾನದ ಹಿಂದೆ ಸತ್ತವನಿಗೇ ಕಾಗದ ಬರೆದ. ವಯಸ್ಸಾದ ಮೇಲೆ ರಾಜಕೀಯದ ಉಸಾಬರಿ ನಿನಗೆ ಯಾಕೆ ಬೇಕಿತ್ತು ಅಂತ ಬೈದ! ಸಿಸೆರೋ ಅವನ ಪಾಲಿಗೆ ಗುರು. ಆದರೂ ಬೈದ. ಹಳೆಯ ಗ್ರೀಕ್, ರೋಮನ್ ಪುಸ್ತಕಗಳನ್ನು ಹುಡುಕಿ ಓದಿದ ಈ ಹ್ಯೂಮನಿಸ್ಟರಲ್ಲಿ ನನಗೆ ಹಿಡಿಸಿದ್ದೇ ಈ ಸಲಿಗೆ.

ನಮ್ಮಲ್ಲಿ ಕಟ್ಟು ಬಿಚ್ಚಿದವರೇ ಇಲ್ಲ ಅಂತಲ್ಲ. ಇನ್ನೊಬ್ಬ ಹ್ಯೂಮನಿಸ್ಟ್ ಪೊಜ್ಜೊ ಬ್ರಾಚ್ಚೊಲೀನಿ 1417ರಲ್ಲಿ ಮಠವೊಂದರಿಂದ ರೋಮನ್ ಕವಿ ಲುಕ್ರೇಶಿಯಸ್‌ನ ಕಾವ್ಯ ಹುಡುಕಿ ತೆಗೆದ ಹಾಗೆ, ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ವಚನಗಳನ್ನು ಅಚ್ಚು ಹಾಕಿಸಿದರು. ಇಲ್ಲಿನವರೆಲ್ಲ ಪೆಟ್ರಾರ್ಕನ ಮೊಮ್ಮಕ್ಕಳೂ ಅಲ್ಲ ಬಿಡಿ. ನಮ್ಮ ಪಕ್ಕದ ಮನೆಯವರಿಗೆ ಫುಟ್‌ಬಾಲ್ ಸಾಕು.

ಹೋದ ನವರಾತ್ರಿಗೆ ಇಲ್ಲೂ ಪುಸ್ತಕ ಪೂಜೆಗಿಟ್ಟಿದ್ದೆವು. ಪೂಜೆಗಿಟ್ಟದ್ದನ್ನು ಅವತ್ತು ಓದಬಾರದು, ಅದು ಅಜ್ಜಿಯ ಕಾಲದ ಕಟ್ಟಳೆ. ನಾಳೆ ಪರೀಕ್ಷೆ ಅಂತ ಮಗಳು ನಡುವಿನಿಂದ ಒಂದನ್ನು ಎಳೆದಳು. ಬೈಯಲು ಬಾಯಿ ತೆರೆದವನು, ‘ಕುಂಕುಮ ಚೆಲ್ಲೀತು, ನೋಡ್ಕೊಂಡು ತೆಗಿ’ ಅಂದೆ.