ಮೆತ್ತಗಾದ ಮಂಡಕ್ಕಿ

"ಇದೇನ್ರೀ, ಗೋಡೆ ಫೋಟೋ ತೆಗ್ದಿದ್ದೀರಿ?" ಎಂದರು ಪಕ್ಕದ ಮನೆಯವರು.

ಗೋಡೆಯಲ್ಲ, ಮರ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರ. ಬುಡ ಹಿಡಿದರೆ ತುದಿ ಇಲ್ಲ, ತುದಿ ಹಿಡಿದರೆ ಬುಡ ಇಲ್ಲ. ನಡುವೆ ಹಿಡಿದರೆ ಗೋಡೆ. ಅವರು ಫೋನ್ ವಾಪಸ್ ಕೊಟ್ಟು, "ಅಷ್ಟು ದೂರ ಹೋಗಿ ಮರ ನೋಡ್ಕೊಂಡ್ ಬಂದ್ರಾ?" ಎಂದರು. ಎಲೆ ಉದುರಿ ಕಾರು ಗಲೀಜಾಗುತ್ತೆ ಅಂತ ತಮ್ಮ ಮನೆ ಮುಂದಿನ ಹೊಂಗೆ ಮರ ಕಡಿಸಿದವರು ಇವರೇ. ಈಗ ಅದೇ ಕಾರಿಗೆ ನೆರಳಿಲ್ಲ ಅಂತ ನಮ್ಮ ಗೇಟಿನ ಮುಂದೆ, ನಮ್ಮ ಬೇವಿನ ಕೆಳಗೆ ತಂದು ನಿಲ್ಲಿಸುತ್ತಾರೆ. ಇರಲಿ, ವಿಷಯ ಅದಲ್ಲ.

ಆ ಮರಗಳ ಕೆಳಗೆ ನಿಂತಾಗ ನನಗೆ ಏನನ್ನಿಸಿತು ಎಂಬುದು ವಿಷಯ. ಅದಕ್ಕೆ ಬರುತ್ತೇನೆ. ಮೊದಲು ಮಂಡಕ್ಕಿ.

ಮಗ ರಜೆ ಇಲ್ಲವೆಂದು ಕಾರಿನ ಕೀಲಿ ಕೈಗಿಟ್ಟ. ನಾವಿಬ್ಬರೇ ಹೊರಟೆವು. ಹಂಬೋಲ್ಟ್ ಕೌಂಟಿಯಲ್ಲಿ 101ನೇ ಹೆದ್ದಾರಿ ಬಿಟ್ಟು ಪಕ್ಕದ ಹಳೇ ರಸ್ತೆಗೆ ಇಳಿದರೆ 31 ಮೈಲಿ ಮರವೇ ಮರ. ದಾವಣಗೆರೆಯಿಂದ ಚಿತ್ರದುರ್ಗಕ್ಕಿಂತ ಸ್ವಲ್ಪ ಕಮ್ಮಿ ದೂರ. ನಮ್ಮ ದಾರಿಯಲ್ಲಿ ತಲೆ ಎತ್ತಿ ನೋಡುವಂಥದ್ದು ಅಂದರೆ ದುರ್ಗದ ಗುಡ್ಡದ ಮೇಲಿನ ಗಾಳಿ ಫ್ಯಾನು ಅಷ್ಟೇ.

ನನ್ನ ಹೆಂಡತಿ ಮಂಡಕ್ಕಿ ಇಲ್ಲದೆ ಊರು ಬಿಡುವವಳಲ್ಲ. ಅಂಗಡಿಯದ್ದು ಆಗದು. ಭಟ್ಟಿಗೇ ಹೋಗಬೇಕು, ಬಿಸಿ ಮರಳಲ್ಲಿ ಅಕ್ಕಿ ಅರಳುವುದನ್ನು ಕಣ್ಣಾರೆ ನೋಡಬೇಕು. ಆಮೇಲೆ ಎರಡು ಕಾಳು ತೆಗೆದು ಬೆರಳಲ್ಲಿ ಒತ್ತುತ್ತಾಳೆ. ಪಟ್ ಎಂದರೆ ಪಾಸು. ಭಟ್ಟಿಯವನು ಅಷ್ಟು ಹೊತ್ತೂ ಪರೀಕ್ಷೆಗೆ ಕೂತ ಹುಡುಗನ ಹಾಗೆ ನಿಂತಿರುತ್ತಾನೆ. ಹಾಗೆ ಪಾಸಾದ ಮಂಡಕ್ಕಿ ಬೆಳ್ಳುಳ್ಳಿ, ಕರಿಬೇವು, ಶೇಂಗಾದ ಒಗ್ಗರಣೆ ಕಂಡು, ಡಬ್ಬಿ ಸೇರಿ, ಸಮುದ್ರ ದಾಟಿ ಬಂದಿತ್ತು.

ಡೈಯರ್‌ವಿಲ್ ಜೈಂಟ್ ಎಂಬ ಮರದ ಹತ್ತಿರ ಕೂತೆವು. 1991ರ ಮಾರ್ಚ್‌ನಲ್ಲಿ ಬಿದ್ದದ್ದು. ನಿಂತಿದ್ದಾಗ 360 ಅಡಿಗೂ ಜಾಸ್ತಿ. ಬಿದ್ದದ್ದನ್ನು ಹಾಗೇ ಬಿಟ್ಟಿದ್ದಾರೆ. ಮಲಗಿದ ಮರವೂ ನನ್ನ ಫೋನಿಗೆ ಹಿಡಿಯಲಿಲ್ಲ. ನಾನು ಹಿಂದೆ ಹಿಂದೆ ಸರಿಯುತ್ತಿದ್ದಾಗ ಅವಳು ಡಬ್ಬಿ ತೆಗೆದು ಒಂದು ಮುಕ್ಕು ಬಾಯಿಗೆ ಹಾಕಿದಳು. ಮುಖ ಸಣ್ಣಗಾಯಿತು.

"ಮೆತ್ತಗಾಗಿದೆ ರೀ."

ಹಿಂದಿನ ರಾತ್ರಿ ಲಾಡ್ಜಿನಲ್ಲಿ ಕೊನೆಯ ಸಲ ಡಬ್ಬಿಗೆ ಕೈ ಹಾಕಿದ್ದು ನಾನು. ಅದನ್ನು ಹೇಳುವ ಬದಲು ಮಂಜಿನ ಬಗ್ಗೆ ಹೇಳಿದೆ. ಇಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲವೆಂಬಷ್ಟು ಕಮ್ಮಿ, ಕಡಲ ಕಡೆಯಿಂದ ಬರುವ ಮಂಜೇ ಈ ಮರಗಳಿಗೆ ಆಸರೆ, ಎಲೆಗಳೇ ನೀರು ಹೀರುತ್ತವೆ, ಉಳಿದದ್ದು ತೊಟ್ಟಿಕ್ಕಿ ಬೇರಿಗೆ ಹೋಗುತ್ತೆ ಅಂತೆಲ್ಲ. ಚೆನ್ನಾಗಿಯೇ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಮರಕ್ಕೆ ಮಂಜು ಬೇಕು, ಸರಿ. ಮುಚ್ಚಳ ತೆಗ್ದಿದ್ದೂ ಮಂಜೇನಾ?"

ಅಲ್ಲಿಂದ ಲೆಗೆಟ್‌ವರೆಗೆ ಮಾತಿಲ್ಲ. ಜಗತ್ತಿನಲ್ಲೇ ಎತ್ತರದ ಜಾತಿಯ ಮರಗಳ ನಡುವೆ ಇಬ್ಬರೂ ಡಾಂಬರು ನೋಡಿಕೊಂಡು ಹೋದೆವು. ಲೆಗೆಟ್‌ನಲ್ಲಿ ಬದುಕಿರುವ ಮರದ ಬುಡಕ್ಕೆ ಕಿಂಡಿ ಕೊರೆದು, ಕಾರು ದಾಟಿಸಲು ದುಡ್ಡು ತಗೊಳ್ಳುತ್ತಾರೆ. ಅಗಲ ಬರೀ 6 ಅಡಿ. ಮರಕ್ಕೆ ಹೀಗೆ ಮಾಡಿದ್ದಾರಲ್ಲ ಅಂತ ಸಿಟ್ಟು ಬಂತು. ದುಡ್ಡು ಕೊಟ್ಟೆ. ಕನ್ನಡಿ ಮಡಚಿ, ಉಸಿರು ಹಿಡಿದು ಕಾರು ನುಗ್ಗಿಸುವಾಗ ಅವಳು ಬಾಯಿ ಬಿಟ್ಟಳು: "ಓಬವ್ವ ಇಲ್ಲಿ ಒನಕೆ ಹಿಡ್ಕೊಂಡ್ ನಿಂತಿದ್ರೆ ನಿಮ್ ಗತಿ ಏನಾಗ್ತಿತ್ತು?"

ಪಕ್ಕದ ಮನೆಯವರಿಗೆ ಇದನ್ನೆಲ್ಲ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಇವಳು ತಟ್ಟೆಯಲ್ಲಿ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಅವರು ಫೋನು, ಮರ ಎರಡನ್ನೂ ಮರೆತರು.

"ಆಹಾ, ಏನ್ ಗರಿಗರಿ ಇದೆ! ಯಾವ್ ಭಟ್ಟಿದು?"

"ಭಟ್ಟಿ ಯಾವ್ದಾದ್ರೇನು," ಅವಳು ನನ್ನ ಕಡೆ ನೋಡಿದಳು. "ಮುಚ್ಚಳ ಹಾಕಿಟ್ಟಿದ್ದೆ."