ಏನೂ ಗೊತ್ತಿಲ್ಲದವರ ಗುಮ್ಮಟ

ಹೊರನಾಡಿನಿಂದ ಬಂದವರನ್ನು ಕಂಡರೆ ಆಗದ, ಅದರಲ್ಲೂ ಕ್ಯಾಥೊಲಿಕರೆಲ್ಲ ಪೋಪರ ಗೂಢಚಾರರೆಂದು ನಂಬಿದ್ದ ಪಕ್ಷವೊಂದು 1855ರ ಸುಮಾರಿಗೆ ಅಮೆರಿಕದ ಸಂಸತ್ತಿನಲ್ಲಿ ಹತ್ತಾರು ಸ್ಥಾನಗಳನ್ನು ಹಿಡಿದು ಕುಳಿತಿತ್ತು. ತಮ್ಮ ಸಂಘದ ವಿಚಾರ ಯಾರು ಕೇಳಿದರೂ ‘ನನಗೇನೂ ಗೊತ್ತಿಲ್ಲ’ ಎನ್ನುವ ವ್ರತ ಹಿಡಿದಿದ್ದ ಇವರಿಗೆ ಜನ ‘ನೋ-ನಥಿಂಗ್’ ಎಂದೇ ಹೆಸರಿಟ್ಟರು. ರಾಜಕಾರಣಿಗಳಿಗೆ ಇಷ್ಟು ಒಪ್ಪುವ ಹೆಸರು ಮತ್ತೆ ಸಿಕ್ಕಂತಿಲ್ಲ. ಅದೇ ಹೊತ್ತಿಗೆ, ಆ ಸಂಸತ್ತು ಸೇರುವ ಕ್ಯಾಪಿಟಲ್ ಭವನದ ಕೃಷಿ ಸಮಿತಿಯ ಕೋಣೆಯಲ್ಲಿ ಹಸಿಗಾರೆಗೆ ಬಣ್ಣ ಹಚ್ಚಿ ಫ್ರೆಸ್ಕೊ ಬರೆಯುತ್ತಿದ್ದವರು ಕಾನ್‌ಸ್ಟಾಂಟಿನೊ ಬ್ರುಮಿಡಿ: ಹುಟ್ಟಿದ್ದು ರೋಮಿನಲ್ಲಿ, ತಂದೆ ಗ್ರೀಕರು, ಮತ ಕ್ಯಾಥೊಲಿಕ್, ಹಡಗಿನಿಂದ ಇಳಿದದ್ದು 1852ರಲ್ಲಿ. ಕ್ರಾಂತಿಯಲ್ಲಿ ಸೇರಿದರೆಂದು ಇವರನ್ನು ಸೆರೆಗೆ ತಳ್ಳಿದ್ದು ಆಗ ರೋಮನ್ನು ಆಳುತ್ತಿದ್ದ ಪೋಪರ ಸರ್ಕಾರವೇ. ಆದರೆ ಏನೂ ಗೊತ್ತಿಲ್ಲದವರಿಗೆ ಅದೊಂದೇ ಏಕೆ ಗೊತ್ತಿರಬೇಕು?

ಕೂಲಿ ಮೊದಲು ದಿನಕ್ಕೆ 8 ಡಾಲರ್, ಆಮೇಲೆ 10. 1857ರಲ್ಲಿ ಪೌರತ್ವ ಸಿಕ್ಕಾಗ ಬ್ರುಮಿಡಿ ಪ್ರತಿನಿಧಿಗಳ ಸಭಾಂಗಣದ ಚಿತ್ರದಲ್ಲಿ ತಮ್ಮ ಹೆಸರಿನ ಮುಂದೆ ‘ಕಲಾವಿದ, ಅಮೆರಿಕದ ಪ್ರಜೆ’ ಎಂದು ಬರೆದು ರುಜು ಹಾಕಿದರು. ಗುರುತಿನ ಚೀಟಿಯನ್ನು ಗೋಡೆಗೇ ಬರೆದರೂ ದೇಶಿ ಕಲಾವಿದರಿಗೆ ಸಮಾಧಾನವಾಗಲಿಲ್ಲ. ಅವರ ಮನವಿಯ ಮೇಲೆ ನೇಮಕಗೊಂಡ ಮೂವರ ಆಯೋಗವು ಈ ಅಲಂಕಾರದಲ್ಲಿ ಅಮೆರಿಕವೇ ಇಲ್ಲವೆಂದು 1860ರಲ್ಲಿ ವರದಿ ಕೊಟ್ಟಿತು. ಸಂಸತ್ತು ಆಯೋಗವನ್ನು ರದ್ದುಮಾಡಿ ಬ್ರುಮಿಡಿಯವರನ್ನು ಉಳಿಸಿಕೊಂಡಿತು.

ರಾಜ ಬೇಡವೆಂದು ಯುದ್ಧ ಮಾಡಿದ ಗಣರಾಜ್ಯಕ್ಕೆ ದೇವರಾದರೂ ಬೇಕಿತ್ತು. 1865ರಲ್ಲಿ ಬ್ರುಮಿಡಿ ಗುಮ್ಮಟದಡಿ, ನೆಲದಿಂದ 180 ಅಡಿ ಎತ್ತರದಲ್ಲಿ, ವಾಷಿಂಗ್ಟನ್ನರನ್ನು ಮೋಡದ ಮೇಲೆ ಕೂರಿಸಿ, ಸುತ್ತಲೂ ರೋಮಿನ ದೇವತೆಗಳನ್ನು ಕಾವಲಿಗೆ ನಿಲ್ಲಿಸಿದರು. (ಅಲ್ಲಿ ಸ್ವಾತಂತ್ರ್ಯದೇವಿಯ ಕತ್ತಿಗೆ ಹೆದರಿ ಓಡುತ್ತಿರುವವರಲ್ಲಿ ಒಬ್ಬ ಅಂತರ್ಯುದ್ಧದಲ್ಲಿ ದಂಗೆಯೆದ್ದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸರನ್ನು ಹೋಲುತ್ತಾನೆಂದು ನೋಡಿದವರು ಹೇಳುತ್ತಾರೆ. ಬ್ರುಮಿಡಿ ಕೆಲಸಕ್ಕೆ ಸೇರಿದಾಗ ಈ ಕಟ್ಟಡದ ಉಸ್ತುವಾರಿ ಯುದ್ಧಮಂತ್ರಿಯಾಗಿದ್ದ ಇದೇ ಡೇವಿಸರದು.)

1879ರಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ದೇಶದ ಇತಿಹಾಸವನ್ನು ಗುಮ್ಮಟದ ಸುತ್ತುಪಟ್ಟಿಯಲ್ಲಿ ಬರೆಯುತ್ತಿದ್ದಾಗ ಕುರ್ಚಿ ಜಾರಿ, ನೆಲಕ್ಕೆ 58 ಅಡಿ ಇರುವಂತೆ ಏಣಿಯ ಮೆಟ್ಟಿಲು ಹಿಡಿದು ನೇತಾಡಿದರು. ಮರುವರ್ಷ ಫೆಬ್ರುವರಿಯಲ್ಲಿ ತೀರಿಕೊಂಡರು. ಗಾರೆ ಒಣಗುವ ಮುನ್ನ ಕೆಲಸ ಮುಗಿಸಬೇಕೆಂಬ ಅವಸರ ಫ್ರೆಸ್ಕೊ ಬರೆಯುವವರಿಗಷ್ಟೇ ಇರುತ್ತದೆ. ಅವರ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1952ರಲ್ಲಿ. ಸಂಸತ್ತಿನ ಚಿನ್ನದ ಪದಕಕ್ಕೆ 2008ರಲ್ಲಿ ಅಂಕಿತ ಬಿತ್ತು, ಪದಕ ಪ್ರದಾನವಾದದ್ದು 2012ರಲ್ಲಿ.