ಒಂದೇ ಭೀಮಾ ನದಿ, ಮ್ಯಾಲ ದಿಂಡಿ, ಕೆಳಗ ಭಜನಿ

ನಾ ಪುಣೆ ಕಡಿ ಬಂದು ಹದಿನಾಲ್ಕು ವರ್ಷ ಆಯ್ತು. ಮನಿ ಆಕುರ್ಡಿಯಾಗ, ಕೆಲಸ ಚಾಕಣದಾಗ, ಊರು ಮಾತ್ರ ಜೇವರ್ಗಿ ತಾಲೂಕಿನ ಭೀಮಾ ದಂಡಿ. ಇಲ್ಲಿ ಯಾರರ ಊರು ಕೇಳಿದ್ರ ಮೊದಲು ಕಲಬುರಗಿ ಅಂತಿದ್ದೆ, ಅವರು ಅದನ್ನ ಗುಲ್ಬರ್ಗಾ ಅಂತ ತಿದ್ದಿಕೊಂಡು ಸುಮ್ಮ ಆಗ್ತಿದ್ರು. ಈಗ ಸೀದಾ, ನಿಮ್ಮ ಪಂಢರಪುರದ ನೀರು ಕೆಳಗ ಹರಕೊಂಡು ಬರ್ತದಲ್ಲ, ಅಲ್ಲಿಯವ ಅಂತೀನಿ. ಮುಖ ಅರಳ್ತದ ನೋಡ್ರಿ ಅವರದು.

ಸುಳ್ಳೇನೂ ಅಲ್ಲ ಅದು. ಭೀಮಾ ಹುಟ್ಟೋದು ಇದೇ ಪುಣೆ ಜಿಲ್ಲಾದ ಭೀಮಾಶಂಕರದಾಗ. ನಮ್ಮ ಮನಿ ಕಡಿ ಹರಿಯೋ ಇಂದ್ರಾಯಣಿ ತುಳಾಪುರದಾಗ ಅದಕ್ಕ ಕೂಡ್ತದ, ಮುಂದ ಪಂಢರಪುರದಾಗ ಚಂದ್ರನ ಹಂಗ ಬಾಗತದ ಅಂತ ಚಂದ್ರಭಾಗಾ ಅನಿಸ್ಕೊತದ, ಆಮ್ಯಾಲ ಅಫಜಲಪುರ, ಗಾಣಗಾಪುರ, ಜೇವರ್ಗಿ, ಸನ್ನತಿ, ಯಾದಗಿರಿ ದಾಟಿ ರಾಯಚೂರು ಕಡಿ ಕೃಷ್ಣಾಕ್ಕ ಸೇರ್ತದ. ಒಟ್ಟು 861 ಕಿಲೋಮೀಟರ್. ಅಂದ್ರ ನಾ ಇಲ್ಲಿ ಬ್ರಿಜ್ ಮ್ಯಾಲ ನಿಂತು ನೋಡೋ ನೀರು ನಮ್ಮ ಹೊಲದ ದಂಡಿಗೇ ಹೊಂಟದ. (ಆಳಂದಿಯಾಗ ಇಂದ್ರಾಯಣಿ ಮ್ಯಾಲ ಕೆಮಿಕಲ್ ನೊರಿ ನೋಡಿದವ ನಾನು, ಅದೂ ನಮ್ಮೂರಿಗೇ ಹೊಂಟದೇನೋ ಅಂತ ಹೊಟ್ಟಿ ಚುರ್ ಅಂತದ, ಅದು ಬ್ಯಾರೆ ಮಾತು.)

ವಿಷಯಕ್ಕ ಬರ್ತೀನಿ. ಪ್ರತಿ ವರ್ಷ ಆಷಾಢ ಏಕಾದಶಿ ಮುಂದ ತುಕಾರಾಮ ಮಹಾರಾಜರ ಪಾಲಖಿ ದೇಹು ಬಿಟ್ಟು ಪಂಢರಪುರಕ್ಕ ಹೊಂಡ್ತದಲ್ಲ, ಒಂದು ಮುಕ್ಕಾಂ ನಮ್ಮ ಆಕುರ್ಡಿ ವಿಠ್ಠಲ ಗುಡಿಯಾಗ. ಬಿಲ್ಡಿಂಗಿನ ಮಂದಿ ಎಲ್ಲಾ ಕೂಡಿ ದಿಂಡಿ ಅಂದ್ರ ಗುಂಪು ಕಟ್ಟಿಕೊಂಡು ಹಾಡ್ತಾ ನಡಿಯೋ ವಾರಕರಿ ಯಾತ್ರಿಕರಿಗೆ ಚಹಾ ನಾಷ್ಟಾ ಕೊಡ್ತಾರ. ಹ್ವಾದ ಸಲ ನಾನೂ ಊರಿಂದ ಬಂದಿದ್ದ ಖಡಕ್ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ತಗೊಂಡು ನಿಂತಿದ್ದೆ. ತಲಿ ಮ್ಯಾಲ ತುಳಸಿ ಹೊತ್ತ ಒಬ್ಬ ಮುದುಕಿ ರೊಟ್ಟಿ ಕೈಯಾಗ ಹಿಡಿದು ಟಕ್ ಅಂತ ಮುರಿದು, "ಯಾವೂರಪ್ಪಾ ನಿಂದು?" ಅಂದಳು. ಅಚ್ಚ ಕನ್ನಡ! ಅಕ್ಕಲಕೋಟ ಕಡಿಯಾಕಿ, ಮನಿಯಾಗ ಕನ್ನಡ ಮಾತಾಡ್ತಾಳ, ಹಾಡೋದು ಮರಾಠಿ ಭಕ್ತಿ ಪದ, ಅಭಂಗ. ನಾ ಖುಷಿಯಾಗಿ ಭೀಮಾ ದಂಡಿ ಕತಿ ಎಲ್ಲಾ ಹೇಳಿದೆ. ಆಕಿ ಕೇಳಿದ್ದು ಒಂದೇ, "ಹಂಗಾರ ನಿಮ್ಮ ಕಡಿದು ಒಂದು ಪದ ಅನ್ನು ನೋಡಮು."

ಸುರು ಮಾಡಿದೆ. ಪಲ್ಲವಿ ಆಯ್ತು, ಮುಂದಿನ ನುಡಿ ಅರ್ಧಕ್ಕ ನಿಂತು ಹೋಯ್ತು. ಬಾಯಿ ತಕ್ಕೊಂಡು ನಿಂತೆ ಅಷ್ಟೇ. ನಮ್ಮ ಪಕ್ಕದ ಮನಿ ವಹಿನಿ, ಬ್ಯಾಂಕಿನಾಗ ನೌಕರಿ ಮಾಡೋಕಿ, ನೆಲ ಒರಸ್ತಾ ಒಂದಾದ ಮ್ಯಾಲ ಒಂದು ಅಭಂಗ ಪೂರಾ ಹಾಡ್ತಾಳ್ರಿ. ಒಂದು ಅಕ್ಷರ ತಪ್ಪಂಗಿಲ್ಲ. ನನಗ ಭಜನಿ ಮ್ಯಾಳದ ಮನೆತನದವ ಅನ್ನೋ ಸೊಕ್ಕು ಬ್ಯಾರೆ.

ಅವತ್ತಿಂದ ಇದೇ ತಲಿಯಾಗ ಕುಂತದ. ನದಿ ಒಂದೇ, ನೀರು ಒಂದೇ. ಜ್ಞಾನೇಶ್ವರರೇ ವಿಠ್ಠಲನ್ನ ಕಾನಡಾ, ಕರ್ನಾಟಕದವ ಅಂತ ಹಾಡ್ಯಾರ, ಅಂದ್ರ ದೇವರೂ ನಮ್ಮವನೇ. ಬಸವಣ್ಣೋರು ಕಲ್ಯಾಣಕ್ಕ ಹೋಗೋಕಿಂತ ಮೊದಲು ನೌಕರಿ ಮಾಡಿದ ಮಂಗಳವೇಢೆ ಇರೋದು ಪಂಢರಪುರದ ಬಾಜೂಕೇ, ವಿಠ್ಠಲನ ಭಕ್ತ ಸಂತ ಚೋಖಾಮೇಳಾ ಸತ್ತದ್ದೂ ಅಲ್ಲೇ. ಇಷ್ಟೆಲ್ಲಾ ಬೆರಕಿ ಇರೋ ನದಿ ದಂಡಿ ಇದು. ಹಂಗಿದ್ದೂ ಅವರ ಹಾಡು ಬ್ಯಾಂಕಿನ ಕ್ಲಾರ್ಕ್ ಬಾಯಾಗ ಅದ, ನಮ್ಮದು ಊರಾಗಿನ ನಮ್ಮ ಕಾಕಾನ ಪದದ ವಹಿಯಾಗ ಅದ. ಯಾಕ?

ನಮ್ಮ ಮಂದಿ ತಟ್ಟನೆ ಹೇಳೋ ಉತ್ತರ, ಅವರಿಗೆ ಅಭಿಮಾನ ಜಾಸ್ತಿ, ನಮಗ ಕಡಿಮಿ. ಇದನ್ನ ನಾ ಒಪ್ಪಂಗಿಲ್ಲ. ಅಭಿಮಾನ ನಮಗೇನ್ ಕಡಿಮಿ ಇಲ್ಲ, ಬಾಯಿ ಬಡಕೊಳ್ಳೋದರಾಗಂತೂ ಹಿಂದ ಬಿದ್ದಿಲ್ಲ. ನನಗ ಅನಿಸೋದು, ಅವರ ಹಾಡಿಗೆ ತಿಥಿ ಅದ. ಆಷಾಢ ಬಂತಂದ್ರ ಹಾಡಬೇಕು, ಮೂರು ವಾರ ನಡೀಬೇಕು, ನಡಿಯೋವಾಗ ಬಾಯಿ ಸುಮ್ಮನಿರೋಹಂಗಿಲ್ಲ. ನಮ್ಮ ಹಾಡು ಭಾಳಷ್ಟು ಕೆಲಸಕ್ಕ ಕಟ್ಟಿಕೊಂಡಿದ್ವು. ಬೀಸೋ ಪದ, ಕುಟ್ಟೋ ಪದ, ಹಂತಿ ಪದ.

ಹಂತಿ ನಾ ಕಣ್ಣಾರೆ ನೋಡೀನಿ, ನಾಕನೇತ್ತೆ ಇದ್ದೆ ಆಗ. ಕಣದ ನಡುವ ಮೇಟಿ, ಅದಕ್ಕ ಸಾಲಾಗಿ ಕಟ್ಟಿದ ಎತ್ತು, ಕೆಳಗ ಹರವಿದ ಜ್ವಾಳದ ತೆನಿ, ರಾತ್ರಿಯೆಲ್ಲಾ ಸುತ್ತ ತಿರಗೋದು. ಮುತ್ಯಾ ಒಂದು ನುಡಿ ಎತ್ತಿದ್ರ ಉಳಿದವರು ಹಿಂದಿಂದ ಎಳೀತಿದ್ರು. ನಂದೊಂದು ಡ್ಯೂಟಿ ಇತ್ತು. ಎತ್ತು ಬಾಲ ಎತ್ತಿದ ಕೂಡ್ಲೇ ಓಡಿ ಪುಟ್ಟಿ ಹಿಡೀಬೇಕು, ಸಗಣಿ ಜ್ವಾಳದ ಮ್ಯಾಲ ಬೀಳಬಾರದು. ನಾ ತೂಕಡಿಸಿ ತಪ್ಪಿಸಿದ್ರ ಮುತ್ಯಾ ಬೈಗುಳನೂ ಹಾಡಿನ ರಾಗದಾಗೇ ಬೈತಿದ್ದ, ಹಿಂದಿನವರು ಅದನ್ನೂ ಎಳೀತಿದ್ರು! ಮರುವರ್ಷ ಟ್ರ್ಯಾಕ್ಟರಿಗೆ ಹಚ್ಚೋ ರಾಶಿ ಮಷೀನ್ ಬಂತು, ಎರಡು ತಾಸಿನಾಗ ಎಲ್ಲಾ ಸಾಫ್. ಹಂತಿ ಪದ ಅವತ್ತೇ ಸತ್ತು ಹೋಯ್ತು. ಅಪ್ಪಗ ಮಾತ್ರ ಭಾಳ ಖುಷಿ ಆಗಿತ್ತು, ಖರೇನೂ ಹೌದು, ನಿದ್ದಿಗೆಟ್ಟು ಎತ್ತಿನ ಹಿಂದ ತಿರಗಿದವಗ ಗೊತ್ತು. ಆ ಹಾಡಿದ್ದೇ ನಿದ್ದಿ ಬರಬಾರದಂತ. ಪುಣೆಯಾಗ ಎಸಿಯೊಳಗ ಕುಂತು ಅಯ್ಯೋ ಸಂಸ್ಕೃತಿ ಹೋಯ್ತು ಅನ್ನೋ ಹಕ್ಕು ನನಗಿಲ್ಲ.

ಆದ್ರ ನೋಡ್ರಿ, ಎಲ್ಲಾ ಸತ್ತಿಲ್ಲ. ಮೊಹರಂ ಬಂದ್ರ ಅಲಾಯಿ ಮುಂದ ಕರ್ಬಲಾ ಕತಿ ಹಾಡೋ ರಿವಾಯತ್ ಪದ ಇವತ್ತಿಗೂ ಅದಾವ, ಹಾಡೋರಾಗ ಅರ್ಧ ಮಂದಿ ಹಿಂದೂಗಳೇ. ತತ್ವಪದ ಅದಾವ, ಯಾಕಂದ್ರ ಸೋಮವಾರ, ಅಮಾಸಿ ಭಜನಿ ತಪ್ಪಿಲ್ಲ. ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನ ಊರು ನಮ್ಮ ಕಡೀದೇ. ಅವರ ಶಿಷ್ಯರಾಗ ಖೈನೂರ ಕೃಷ್ಣಪ್ಪನೂ ಇದ್ದ, ಚನ್ನೂರ ಜಲಾಲಸಾಹೇಬನೂ ಇದ್ದ. ಇವರ ಪದ ಯಾಕ ಉಳದ್ವು ಅಂದ್ರ ವಾರಕ್ಕೊಂದು ದಿನ ಅವಕ್ಕ ಇತ್ತು. ಬೀಸೋಕಲ್ಲಿಗೆ ಸೋಮವಾರ ಇರಲಿಲ್ಲ, ಗಿರಣಿ ಬಂದು ಕಲ್ಲು ಮೂಲಿ ಹಿಡೀತು.

ಒಂದು ಮಾತು ನಮ್ಮ ಕಡಿಂದೂ ಹೇಳ್ಬೇಕು. ವಾರಿಯಾಗ, ಅಂದ್ರ ಪಂಢರಪುರದ ಆ ಕಾಲ್ನಡಿಗಿ ಯಾತ್ರಿಯಾಗ, ಈಗ ಲೀಡರುಗಳ ಫೋಟೋ ಇರೋ ರೇನ್‌ಕೋಟು, ಬ್ಯಾನರು, ಸೆಲ್ಫಿ ಪಾಯಿಂಟು ಎಲ್ಲಾ ನುಗ್ಯಾವ. ನಮ್ಮ ಭಜನಿಗೆ ಆ ಕಾಟ ಇಲ್ಲ, ಅದನ್ನ ಯಾರೂ ಕೇಳೋರೇ ಇಲ್ಲಲ್ಲ! ಓದೋರಿಲ್ಲದೆ ಬೀಳೋದು ನಮಗ ಹೊಸಾದೇನಲ್ಲ. ಸನ್ನತಿಯಾಗ 1986ರಾಗ ಕಾಳಿ ಗುಡಿ ಕುಸದಾಗ ಗೊತ್ತಾಯ್ತು, ಮೂರ್ತಿ ಕೆಳಗಿನ ಪೀಠದ ಕಲ್ಲು ಅಶೋಕನ ಶಾಸನ ಅಂತ. ಅಲ್ಲೇ ಬಾಜೂಕ ಕನಗನಹಳ್ಳಿ ಸ್ತೂಪದಾಗ ರಾಯ ಅಸೋಕೊ ಅಂತ ಹೆಸರು ಕೆತ್ತಿದ ಅಶೋಕನ ಮೂರ್ತಿನೂ ಸಿಕ್ತು. ನಮ್ಮ ಆಯಿ ಸನ್ನತಿ ಚಂದ್ರಲಾಂಬಾ ದೇವಿ ರಾಜನ ಮ್ಯಾಲ ದುಂಬಿ ಬಿಟ್ಟ ಕತಿ ನೂರು ಸಲ ಹೇಳ್ಯಾಳ, ಅಶೋಕನ ಹೆಸರು ಒಂದು ಸಲನೂ ಎತ್ತಿಲ್ಲ. ಆಕಿಗೆ ಹೇಳೋರ್ಯಾರು?

2020ರ ಅಕ್ಟೋಬರಿನಾಗ ಮ್ಯಾಲಿಂದ ಮಹಾರಾಷ್ಟ್ರದ ಉಜನಿ ಡ್ಯಾಮಿನ ನೀರು ಬಿಟ್ಟು ಭೀಮಾ ಉಕ್ಕಿದಾಗ ನಮ್ಮ ಓಣಿಯಾಗ ಎದಿಮಟ ನೀರು. ಮಂದಿ ಎಲ್ಲಾ ಸಾಲಿಯಾಗ ಮಾಡಿದ ಕಾಳಜಿ ಕೇಂದ್ರಕ್ಕ ಹೋದ್ರು. ಕಾಕಾ ಹೊತ್ತುಕೊಂಡು ಹೋದದ್ದು ಎರಡು, ಭಜನಿಗೆ ಬಾರಸೋ ದಮ್ಮಡಿ ಮತ್ತ ಪ್ಲಾಸ್ಟಿಕ್ ಚೀಲದಾಗ ಸುತ್ತಿದ ಪದದ ವಹಿ. ಚೀಲ ಎಲ್ಲೋ ಹರಿದಿತ್ತು, ನೀರು ಹೊಕ್ಕು ನೀಲಿ ಶಾಯಿ ಎಲ್ಲಾ ಹರಡಿ ಅರ್ಧ ವಹಿ ಮೋಡ ಕವದಂಗ ಆಗಿತ್ತು. ಆದ್ರೂ ಸೋಮವಾರ ಸಾಲಿ ಪಡಸಾಲಿಯಾಗ ಭಜನಿ ನಡೀತು, ಬಾಯಿಪಾಠ ಇದ್ದಷ್ಟು.

ಈ ಸಲ ಯುಗಾದಿಗೆ ಹೋದಾಗ ಆ ವಹಿಯಾಗ ಓದಲಾಕ ಬರೋ ಪುಟ ಎಲ್ಲಾ ಮೊಬೈಲಿನಾಗ ಫೋಟೋ ಹೊಡಕೊಂಡು ಬಂದೆ. ಈಗ ಸೋಮವಾರ ರಾತ್ರಿ ಎಂಟೂವರೆಗೆ ಕಾಕಾಗ ಫೋನು, ಸ್ಪೀಕರ್ ಮ್ಯಾಲ. ಮಗಳು ಇಲ್ಲೇ ಓದ್ತಾಳ, ಕನ್ನಡ ಮಾತು ಬರ್ತದ, ಅಕ್ಷರ ಬರಂಗಿಲ್ಲ, ಅದಕ್ಕ ಪದ ಎಲ್ಲಾ ಮರಾಠಿ ಅಕ್ಷರದಾಗ ಬರಕೊಂಡಾಳ. ಅದರಾಗ ಗಿಡ್ಡ ಎಕಾರ ಇಲ್ಲ, ಉದ್ದ ಏಕಾರ ಒಂದೇ. ಹಿಂಗಾಗಿ ಎಲ್ಲಿ "ತೆರಿ" ಬರ್ತದೋ ಅಲ್ಲಿ "ತೇರಿ" ಅಂತ ಎಳದು ಹಾಡ್ತಾಳ, ತಾಳ ಒಂದು ಕಡಿ ಆಕಿ ಒಂದು ಕಡಿ. ಕಾಕಾ ಮೊದಲ ಸಲ, "ಹಂಗಲ್ಲ ಯವ್ವಾ" ಅಂತ ತಿದ್ದಿದ. ಎರಡನೇ ಸಲನೂ ತಿದ್ದಿದ. ಮೂರನೇ ಸಲ ಏನೂ ಅನ್ನಲಿಲ್ಲ, ಆ ಕಡಿಂದ ದಮ್ಮಡಿ ಬಾರಸೋ ಸಪ್ಪಳ ಬಂತು, ಆಕಿ ಎಳದಷ್ಟು ತಾನೂ ತಾಳ ಎಳಕೊಂಡು ಹೊಂಟಿದ್ದ.